ಅಪ್ಪನಿಗೆ ಹಾಕಿಸಿದ ರಕ್ತದ ಕಬ್ಬಿಣವೇ ಮಜ್ಜೆಯನ್ನು ಕೊಲ್ಲುತ್ತಿದೆಯಾ?

ಅಪ್ಪನ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಎಂಡಿಎಸ್ ಅಂತ, ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬೆಳೆಯದ ರೋಗ ಅಂತ ಗೊತ್ತಾಗಿ ಎರಡು ವರ್ಷ ಆಯಿತು. ಹಿಮೋಗ್ಲೋಬಿನ್ ತೀರಾ ಕೆಳಗೆ ಹೋದಾಗಲೆಲ್ಲ ರಕ್ತ ಹಾಕಿಸುತ್ತಿದ್ದೇವೆ. ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಚೀಲ ಮುಗಿದ ಮೇಲೆ ತಾರೀಕು ಬರೆದು ಒಂದು ಗೀಟು ಎಳೆಯುತ್ತೇನೆ. ನಿನ್ನೆ ಕೂತು ಎಣಿಸಿದೆ. 42 ಗೀಟು.

ಹೋದ ವಾರದ ವರದಿಯಲ್ಲಿ ಫೆರಿಟಿನ್ 2,640 ಬಂದಿದೆ. ಮೈಯಲ್ಲಿ ಕಬ್ಬಿಣ ಜಾಸ್ತಿಯಾಗಿದೆ, ಮುಂದಿನ ಸಲ ಬಂದಾಗ ಮಾತ್ರೆ ಶುರು ಮಾಡೋಣ ಎಂದರು ಡಾಕ್ಟರು. ಅಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆ. ರಾತ್ರಿ ಓದುತ್ತಾ ಕೂತಾಗ ಫೆರೋಪ್ಟೋಸಿಸ್ ಅನ್ನುವ ಪದ ಕಣ್ಣಿಗೆ ಬಿತ್ತು. ಕಬ್ಬಿಣದಿಂದ ಜೀವಕೋಶ ಸಾಯುವುದಂತೆ. ಮಜ್ಜೆಯ ಕೋಶಗಳೂ ಹೀಗೇ ಸಾಯುತ್ತವಂತೆ. ಆಮೇಲೆ ನಿದ್ದೆ ಬರಲಿಲ್ಲ. ಅಪ್ಪ ಬದುಕಲಿ ಅಂತ ಹಾಕಿಸಿದ ರಕ್ತವೇ ಅವರ ಮಜ್ಜೆಯನ್ನು ಹಾಳು ಮಾಡಿತಾ? ಆ 42 ಗೀಟು ಎಳೆದವಳು ನಾನೇ ಅಲ್ವಾ?

ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಕಷ್ಟದ ಪದ ಬಂದರೂ ಪರವಾಗಿಲ್ಲ, ನಿಧಾನವಾಗಿ ಓದಿಕೊಳ್ಳುತ್ತೇನೆ.

ಲ್ಯಾಬ್ ವಿದ್ಯಾರ್ಥಿ

ಅಕ್ಕ, ಕೋಶಗಳ ಸಾವಿನ ಮೇಲೇ ನನ್ನ ಪಿಎಚ್‌ಡಿ ನಡೆಯುತ್ತಿದೆ. ನಿಮ್ಮ ಅಪ್ಪನ ಚಿಕಿತ್ಸೆಯ ಬಗ್ಗೆ ಡಾಕ್ಟರೇ ಹೇಳಬೇಕು. ಆ ಪದದ ಅರ್ಥ ಮಾತ್ರ ನಾನು ಹೇಳಬಲ್ಲೆ.

ಪ್ರತಿ ಜೀವಕೋಶದ ಸುತ್ತ ಒಂದು ಪೊರೆ ಇದೆ. ಅದು ಕೊಬ್ಬಿನಿಂದ ಆಗಿದ್ದು. ಎಣ್ಣೆಯನ್ನು ಬಹಳ ದಿನ ತೆರೆದಿಟ್ಟರೆ ಕಮಟು ವಾಸನೆ ಬರುತ್ತದಲ್ಲ, ಗಾಳಿಯ ಆಮ್ಲಜನಕ ಎಣ್ಣೆಯನ್ನು ಕೆಡಿಸಿರುತ್ತದೆ. ಪೊರೆಯ ಕೊಬ್ಬೂ ಹಾಗೇ ಕೆಡುತ್ತದೆ. ಅಲ್ಲಿ ಬಿಡಿಯಾಗಿ ಓಡಾಡುವ ಕಬ್ಬಿಣ ಇದ್ದರೆ ಕೆಡುವ ವೇಗ ಬಹಳ ಹೆಚ್ಚು. ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಎಂಥ ಉಗ್ರ ಕ್ರಿಯೆ ನಡೆಯುತ್ತದೆ ಅಂತ ಹೆನ್ರಿ ಫೆಂಟನ್ 1894ರಲ್ಲೇ ಬರೆದಿದ್ದರು. ಒಂದು ಕೊಬ್ಬಿನ ಅಣು ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ. ಕೊನೆಗೆ ಪೊರೆ ತೂತು ಬಿದ್ದು ಕೋಶ ಒಡೆಯುತ್ತದೆ. ಇದೇ ಫೆರೋಪ್ಟೋಸಿಸ್. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಜೊತೆಯವರು 2012ರಲ್ಲಿ ಈ ಹೆಸರು ಕೊಟ್ಟರು.

ಹಾಗಾದರೆ ನಮ್ಮ ಕೋಶಗಳೆಲ್ಲ ಯಾಕೆ ದಿನವೂ ಸಾಯುವುದಿಲ್ಲ? ಕಾವಲು ಇದೆ. ಜಿಪಿಎಕ್ಸ್4 ಅನ್ನುವ ಕಿಣ್ವ ಕೆಟ್ಟ ಕೊಬ್ಬನ್ನು ಸಿಕ್ಕಲ್ಲೇ ಸರಿಮಾಡುತ್ತದೆ. ಅದಕ್ಕೆ ಗ್ಲುಟಾಥಯೋನ್ ಅನ್ನುವ ಸಣ್ಣ ಅಣು ಬೇಕು, ಕಿಣ್ವದ ಒಳಗೆ ಸೆಲೆನಿಯಮ್ ಇರಬೇಕು. 2019ರಲ್ಲಿ ಎಫ್‌ಎಸ್‌ಪಿ1 ಅಂತ ಇನ್ನೊಂದು ಕಾವಲುಗಾರ ಸಿಕ್ಕಿತು.

ಅಕ್ಕ, ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಬ್ಬಿಣ ಜಾಸ್ತಿ ಇದ್ದ ಮಾತ್ರಕ್ಕೆ ಫೆರೋಪ್ಟೋಸಿಸ್ ಆಗುವುದಿಲ್ಲ. ಕಬ್ಬಿಣ ಬಿಡಿಯಾಗಿರಬೇಕು, ಕಾವಲೂ ಸೋತಿರಬೇಕು. ಫೆರಿಟಿನ್ ಅನ್ನುವುದು ಕಬ್ಬಿಣವನ್ನು ಒಳಗಿಟ್ಟು ಬೀಗ ಹಾಕುವ ಪೆಟ್ಟಿಗೆ. ರಕ್ತದಲ್ಲಿ ಅದರ ಅಂಕಿ ಏರಿದೆ ಎಂದರೆ ಮೈಯಲ್ಲಿ ದಾಸ್ತಾನು ಹೆಚ್ಚಿದೆ ಅಂತ ಅರ್ಥ. ಮಜ್ಜೆಯ ಕೋಶಗಳು ಈಗ ಸಾಯುತ್ತಿವೆ ಅಂತ ಆ ಅಂಕಿ ಹೇಳುವುದಿಲ್ಲ.

ಅಪ್ಪನ ಮಗಳು

ತುಂಬಾ ಥ್ಯಾಂಕ್ಸ್ ತಮ್ಮಾ. ಕಮಟು ಎಣ್ಣೆ ಅಂದ ತಕ್ಷಣ ಅರ್ಥ ಆಯಿತು. ಆದರೂ 42 ಚೀಲದ ಕಬ್ಬಿಣ ಎಷ್ಟಾಗುತ್ತದೆ? ಅದೆಲ್ಲ ಎಲ್ಲಿಗೆ ಹೋಯಿತು?

ಸ್ಲೈಡ್ ನೋಡುವವರು

ಮೇಡಂ, ನಾನು ಪ್ಯಾಥಾಲಜಿಯಲ್ಲಿ ಇರುವವನು. ಲೆಕ್ಕ ಹೇಳುತ್ತೇನೆ. ಒಂದು ಯೂನಿಟ್ ಕೆಂಪು ರಕ್ತಕಣದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. 42 ಯೂನಿಟ್ ಎಂದರೆ 8ರಿಂದ 10 ಗ್ರಾಂ. ಆರೋಗ್ಯವಂತ ದೊಡ್ಡವರ ಮೈಯಲ್ಲಿ ಒಟ್ಟು ಇರುವುದೇ 3ರಿಂದ 4 ಗ್ರಾಂ. ಕರುಳು ದಿನಕ್ಕೆ ಹೀರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹೆಚ್ಚಾದ ಕಬ್ಬಿಣವನ್ನು ತಾನಾಗಿ ಹೊರಗೆ ಹಾಕುವ ದಾರಿ ನಮ್ಮ ದೇಹಕ್ಕೆ ಇಲ್ಲ. ಹಾಗಾಗಿ ಅದು ಮೊದಲು ಯಕೃತ್ತಿನಲ್ಲಿ ಕೂರುತ್ತದೆ, ಆಮೇಲೆ ಹೃದಯ, ಹಾರ್ಮೋನ್ ಗ್ರಂಥಿಗಳು. ಮಜ್ಜೆಯಲ್ಲೂ ಕೂರುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಅಪ್ಪನ ಹಳೆಯ ಮಜ್ಜೆ ಪರೀಕ್ಷೆಯ ವರದಿ ಹುಡುಕಿ ನೋಡಿ. ರಕ್ತ ಹಾಕಿಸುವ ಮೊದಲು ಮಾಡಿಸಿದ್ದು. ಅದರಲ್ಲಿ ರಿಂಗ್ ಸಿಡೆರೋಬ್ಲಾಸ್ಟ್ ಅಂತ ಬರೆದಿದೆಯಾ? ಎಸ್‌ಎಫ್3ಬಿ1 ಅಂತ ಎಲ್ಲಾದರೂ ಇದೆಯಾ?

ಅಪ್ಪನ ಮಗಳು

ಸರ್, ಎರಡೂ ಇದೆ. ರಿಂಗ್ ಸಿಡೆರೋಬ್ಲಾಸ್ಟ್ ಶೇಕಡಾ 30 ಅಂತ ಇದೆ. ಎಸ್‌ಎಫ್3ಬಿ1 ಮ್ಯುಟೇಶನ್ ಪಾಸಿಟಿವ್ ಅಂತಲೂ ಇದೆ. ಇದನ್ನು ಯಾರೂ ನನಗೆ ವಿವರಿಸಿರಲಿಲ್ಲ. ಕಾಗದವನ್ನು ಮಡಚಿ ಫೈಲಿನಲ್ಲಿ ಇಟ್ಟಿದ್ದೆ ಅಷ್ಟೇ.

ಸ್ಲೈಡ್ ನೋಡುವವರು

ಹಾಗಿದ್ದರೆ ನಿಮಗೆ ನಾನು ದಿನಾ ನೋಡುವ ಒಂದು ಚಿತ್ರ ತೋರಿಸಬೇಕು.

ಮಜ್ಜೆಯ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಹರಡುತ್ತೇವೆ. ಅದರ ಮೇಲೆ ಪರ್ಲ್ಸ್ ಬಣ್ಣ ಹಾಕುತ್ತೇವೆ. ಆ ದ್ರಾವಣ ಕಬ್ಬಿಣವನ್ನು ಮುಟ್ಟಿದ ಕಡೆಯೆಲ್ಲ ನೀಲಿ ಮೂಡುತ್ತದೆ. ಉಳಿದಿದ್ದೆಲ್ಲ ತಿಳಿ ಗುಲಾಬಿ. ದೊಡ್ಡ ಲೆನ್ಸ್ ಇಳಿಸಿ, ಎಣ್ಣೆಯ ಹನಿ ಬಿಟ್ಟು, ನಿಧಾನವಾಗಿ ಫೋಕಸ್ ಮಾಡುತ್ತಾ ಹೋದರೆ ಎಳೆಯ ಕೆಂಪು ಕಣಗಳು ಕಾಣುತ್ತವೆ. ಆರೋಗ್ಯವಂತ ಕೋಶದಲ್ಲಿ ಒಂದೆರಡು ನೀಲಿ ಚುಕ್ಕೆ, ಅಥವಾ ಅದೂ ಇಲ್ಲ. ನಿಮ್ಮ ಅಪ್ಪನಂಥವರ ಮಜ್ಜೆಯಲ್ಲಿ ನ್ಯೂಕ್ಲಿಯಸ್ಸಿನ ಸುತ್ತ ನೀಲಿ ಮಣಿ ಪೋಣಿಸಿದ ಹಾಗೆ ಚುಕ್ಕೆಗಳ ಸಾಲು. ಐದಾದರೂ ಚುಕ್ಕೆ ಇರಬೇಕು, ನ್ಯೂಕ್ಲಿಯಸ್ಸಿನ ಸುತ್ತಳತೆಯ ಮೂರನೇ ಒಂದು ಭಾಗವಾದರೂ ಮುಚ್ಚಿರಬೇಕು. ಆಗಲೇ ಅದನ್ನು ರಿಂಗ್ ಅಂತ ಎಣಿಸುತ್ತೇವೆ. ಎಷ್ಟು ವರ್ಷದಿಂದ ನೋಡುತ್ತಿದ್ದರೂ ಆ ನೀಲಿ ಕಂಡಾಗ ಒಂದು ಕ್ಷಣ ಕೈ ನಿಲ್ಲುತ್ತದೆ. ನೋಡೋದಕ್ಕೆ ಅಷ್ಟು ಚೆಂದ, ಆದರೆ ಆ ಕೋಶಕ್ಕೆ ಅದೇ ಕಂಟಕ.

ಆ ಚುಕ್ಕೆಗಳು ಮೈಟೋಕಾಂಡ್ರಿಯಾದಲ್ಲಿ, ಅಂದರೆ ಕೋಶಕ್ಕೆ ಶಕ್ತಿ ತಯಾರಿಸುವ ಭಾಗದಲ್ಲಿ ಸಿಕ್ಕಿಬಿದ್ದ ಕಬ್ಬಿಣ. ಎಸ್‌ಎಫ್3ಬಿ1 ಜೀನ್ ಕೆಟ್ಟರೆ ಎಬಿಸಿಬಿ7 ಅನ್ನುವ ಪ್ರೋಟೀನ್ ಸರಿಯಾಗಿ ತಯಾರಾಗುವುದಿಲ್ಲ. ಮೈಟೋಕಾಂಡ್ರಿಯಾದಿಂದ ಕಬ್ಬಿಣ ಹೊರಗೆ ಸಾಗುವ ಕೆಲಸಕ್ಕೆ ಅದು ಬೇಕು. ಹಾಗಾಗಿ ಕಬ್ಬಿಣ ಒಳಗೇ ಕಟ್ಟಿಕೊಳ್ಳುತ್ತದೆ, ಹಿಮೋಗ್ಲೋಬಿನ್‌ಗೆ ಸೇರುವುದಿಲ್ಲ.

ತಾರೀಕು ನೋಡಿ ಮೇಡಂ. ಆ ನೀಲಿ ಉಂಗುರ ನಿಮ್ಮ ಮೊದಲ ಗೀಟಿಗಿಂತ ಮುಂಚಿನದು. ರಕ್ತ ಹಾಕಿಸಿದ್ದರಿಂದ ರೋಗ ಬಂದಿಲ್ಲ. ರೋಗ ಬಂದಿದ್ದರಿಂದ ರಕ್ತ ಹಾಕಿಸಬೇಕಾಯಿತು.

ಅಪ್ಪನ ಮಗಳು

ಕೊನೆಯ ಎರಡು ಸಾಲನ್ನು ನಾಲ್ಕು ಸಲ ಓದಿದೆ ಸರ್.

ರಕ್ತರೋಗ ವೈದ್ಯೆ

ಸ್ಲೈಡ್ ನೋಡುವ ಸರ್ ಹೇಳಿದ್ದು ಸರಿ. ಅದಕ್ಕೊಂದು ಮಾತು ಸೇರಿಸುತ್ತೇನೆ.

ಈ ರೋಗದಲ್ಲಿ ಮಜ್ಜೆ ಖಾಲಿ ಇರುವುದಿಲ್ಲ. ಬಹಳ ಸಲ ಕೋಶಗಳಿಂದ ತುಂಬಿ ತುಳುಕುತ್ತಿರುತ್ತದೆ. ಆದರೆ ಅವು ಬೆಳೆದು ರಕ್ತಕ್ಕೆ ಬರುವ ಮೊದಲೇ ಸಾಯುತ್ತವೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ. ಹೀಗೆ ಒದ್ದಾಡುವ ಎಳೆಯ ಕೆಂಪು ಕಣಗಳು ಎರಿಥ್ರೋಫೆರೋನ್ ಅನ್ನುವ ಹಾರ್ಮೋನ್ ಸುರಿಸುತ್ತವೆ. ಅದನ್ನು ಗುರುತಿಸಿದ್ದು 2014ರಲ್ಲಿ. ಅದು ಯಕೃತ್ತಿಗೆ ಹೋಗಿ ಹೆಪ್ಸಿಡಿನ್ ಕಡಿಮೆ ಮಾಡು ಅನ್ನುತ್ತದೆ. ಹೆಪ್ಸಿಡಿನ್ ಇಳಿದರೆ ಕರುಳು ಬೇಕಾಬಿಟ್ಟಿ ಕಬ್ಬಿಣ ಹೀರುತ್ತದೆ. ಅಂದರೆ ಇಂಥವರಲ್ಲಿ ಒಂದು ಚೀಲ ರಕ್ತ ಏರಿಸದಿದ್ದರೂ ಕಬ್ಬಿಣ ನಿಧಾನವಾಗಿ ಏರುತ್ತಿರುತ್ತದೆ. ಮೇಲೆ ರಕ್ತವೂ ಸೇರಿದರೆ ಬೇಗ ಏರುತ್ತದೆ.

ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ಸಾಗಿಸುವುದು ಟ್ರಾನ್ಸ್‌ಫೆರಿನ್. ಅದರ ಆಸನಗಳೆಲ್ಲ ತುಂಬುತ್ತಾ ಬಂದಾಗ, ಸುಮಾರು ಶೇಕಡಾ 70 ದಾಟಿದ ಮೇಲೆ, ಯಾರಿಗೂ ಅಂಟಿಕೊಳ್ಳದ ಬಿಡಿ ಕಬ್ಬಿಣ ಕಾಣಿಸಿಕೊಳ್ಳುತ್ತದೆ. ತಮ್ಮ ಹೇಳಿದ ಕಮಟು ಎಣ್ಣೆಯ ಕಥೆಗೆ ಬೇಕಾದ ಕಬ್ಬಿಣ ಅದೇ. ಹಾಗಾಗಿ ಫೆರಿಟಿನ್ ಒಂದನ್ನೇ ನೋಡಬೇಡಿ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಷ್ಟಿದೆ ಅಂತ ಕೇಳಿ.

ತಲಸ್ಸೇಮಿಯಾ ಜೊತೆ 31 ವರ್ಷ

ಅಕ್ಕ, ನನ್ನ ರೋಗ ಬೇರೆ, ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ತಲಸ್ಸೇಮಿಯಾ. ಕಬ್ಬಿಣ ಒಂದೇ. ಹುಟ್ಟಿದ ಮೊದಲ ವರ್ಷದಿಂದ ರಕ್ತ ಹಾಕಿಸಿಕೊಳ್ಳುತ್ತಿದ್ದೇನೆ. ಚೀಲಗಳ ಲೆಕ್ಕ ಯಾವತ್ತೋ ಬಿಟ್ಟೆ.

ಚಿಕ್ಕವಳಿದ್ದಾಗ ಕಬ್ಬಿಣ ಹೊರಹಾಕಲು ಡೆಸ್ಫೆರಿಯಾಕ್ಸಮಿನ್ ಅನ್ನುವ ಔಷಧಿ ಇತ್ತು. ಅಮ್ಮ ರಾತ್ರಿ ಪುಡಿಯನ್ನು ನೀರಿನಲ್ಲಿ ಕರಗಿಸಿ ಸಿರಿಂಜಿಗೆ ತುಂಬುತ್ತಿದ್ದರು. ಹೊಟ್ಟೆಯ ಚರ್ಮ ಹಿಡಿದೆತ್ತಿ ಸಣ್ಣ ಸೂಜಿ ಚುಚ್ಚಿ, ಪಂಪ್ ಕಟ್ಟಿ ಮಲಗಿಸುತ್ತಿದ್ದರು. ಎಂಟು ಹತ್ತು ಗಂಟೆ, ವಾರಕ್ಕೆ ಐದಾರು ರಾತ್ರಿ. ಪಂಪ್ ನಿಮಿಷಕ್ಕೊಮ್ಮೆ ಕಟ್ ಅನ್ನುತ್ತಿತ್ತು. ಆ ಸದ್ದಿಲ್ಲದೆ ಮಲಗಿದ ರಾತ್ರಿ ನೆನಪೇ ಇಲ್ಲ. ಬೆಳಿಗ್ಗೆ ಸೂಜಿ ತೆಗೆದ ಜಾಗದಲ್ಲಿ ಗಂಟು. ಮೂತ್ರ ಕೆಂಪಾಗಿ ಹೋದರೆ ಅಮ್ಮನ ಮುಖ ಅರಳುತ್ತಿತ್ತು, ಕಬ್ಬಿಣ ಹೊರಗೆ ಹೋಗುತ್ತಿದೆ ಅಂತ. ಮಾತ್ರೆ ಬಂದ ಮೇಲೆ ಪಂಪ್ ಬಿಟ್ಟೆ.

ಫೆರಿಟಿನ್ ನಂಬಿ ನಾನು ಮೋಸಹೋಗಿದ್ದೇನೆ. ಒಂದು ಸಲ ಅದು 1,400 ಇತ್ತು, ಪರವಾಗಿಲ್ಲ ಅಂದುಕೊಂಡೆ. ಹೃದಯದ ಎಂಆರ್‌ಐ ಮಾಡಿಸಿದಾಗ ಟಿ2 ಸ್ಟಾರ್ 12 ಬಂತು. ಹೃದಯದಲ್ಲಿ ಕಬ್ಬಿಣ ಹೆಚ್ಚಿದಷ್ಟೂ ಇಳಿಯುವ ಅಂಕಿ ಅದು. 20ಕ್ಕಿಂತ ಮೇಲಿರಬೇಕು. 10ಕ್ಕಿಂತ ಕೆಳಗೆ ಇಳಿದರೆ ಹೃದಯ ಸೋಲುವ ಅಪಾಯ ಜಾಸ್ತಿ. ಔಷಧಿ ಬದಲಿಸಿ, ಎರಡನ್ನು ಸೇರಿಸಿ ತೆಗೆದುಕೊಂಡು, ಮೂರು ವರ್ಷ ಹಿಡಿದು 24ಕ್ಕೆ ತಂದೆ. ಜ್ವರ ಬಂದರೂ ಉರಿಯೂತ ಇದ್ದರೂ ಫೆರಿಟಿನ್ ಏರುತ್ತದೆ, ಅದೂ ಗೊತ್ತಿರಲಿ. ಎಂಆರ್‌ಐ ಬಗ್ಗೆ ಕೇಳಿ ಅಕ್ಕ.

ಅಣ್ಣನಿಗಾಗಿ

ನಾನೂ ಇಂಥದ್ದೇ ಸ್ಥಿತಿಯಲ್ಲಿದ್ದೇನೆ. ಅಣ್ಣನಿಗೆ ಎಂಡಿಎಸ್. ವಿಟಮಿನ್ ಇ ಫೆರೋಪ್ಟೋಸಿಸ್ ತಡೆಯುತ್ತದೆ ಅಂತ ಓದಿದೆ. ಸೆಲೆನಿಯಮ್ ಕೂಡ. ಎರಡೂ ಅಂಗಡಿಯಲ್ಲಿ ಸಿಗುತ್ತದೆ, ಚೀಟಿ ಬೇಡ. ಒಂದು ತಿಂಗಳಿಂದ ಕೊಡುತ್ತಿದ್ದೇನೆ, ಜೊತೆಗೆ ವಿಟಮಿನ್ ಸಿ. ಕಾವಲು ಗಟ್ಟಿಯಾದರೆ ಒಳ್ಳೆಯದೇ ಅಲ್ವಾ?

ರಕ್ತರೋಗ ವೈದ್ಯೆ

ಬೇಸರ ಮಾಡಿಕೊಳ್ಳಬೇಡಿ, ಆದರೆ ನೇರವಾಗಿ ಹೇಳುತ್ತೇನೆ. ವಿಟಮಿನ್ ಸಿ ಇವತ್ತೇ ನಿಲ್ಲಿಸಿ, ನಾಳೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಕಬ್ಬಿಣ ತುಂಬಿದ ಮೈಗೆ, ಅದನ್ನು ಹಿಡಿದು ಹೊರಹಾಕುವ ಔಷಧಿ ಇಲ್ಲದೆ ಹೆಚ್ಚು ವಿಟಮಿನ್ ಸಿ ಕೊಟ್ಟರೆ ಅದು ದಾಸ್ತಾನಿನ ಕಬ್ಬಿಣವನ್ನು ಬಿಡಿಸಿ ಓಡಾಡಲು ಬಿಡುತ್ತದೆ. ಹೃದಯಕ್ಕೆ ತೊಂದರೆಯಾದ ಉದಾಹರಣೆಗಳಿವೆ. ನೀವು ಅಣ್ಣನ ಮೇಲಿನ ಪ್ರೀತಿಯಿಂದ ಕೊಟ್ಟಿದ್ದೀರಿ, ಅದು ನನಗೆ ಅರ್ಥವಾಗುತ್ತದೆ.

ವಿಟಮಿನ್ ಇ ವಿಷಯ ತಮ್ಮ ಹೇಳಲಿ.

ಲ್ಯಾಬ್ ವಿದ್ಯಾರ್ಥಿ

ಹೇಳುತ್ತೇನೆ ಮೇಡಂ. ನನಗೆ ಈ ವಿಷಯದಲ್ಲಿ ನಿಜವಾದ ಕಳವಳ ಇದೆ.

ಪ್ಲೇಟಿನಲ್ಲಿ ಬೆಳೆಸಿದ ಕೋಶಕ್ಕೆ ವಿಟಮಿನ್ ಇ ಹಾಕಿದರೆ ಫೆರೋಪ್ಟೋಸಿಸ್ ನಿಲ್ಲುತ್ತದೆ, ನಾನೇ ಎಷ್ಟೋ ಸಲ ಮಾಡಿದ್ದೇನೆ. ಆದರೆ ರೋಗಿಯ ಮಜ್ಜೆಯಲ್ಲಿ ಒಂದೇ ಥರದ ಕೋಶ ಇರುವುದಿಲ್ಲ. ರಕ್ತಕಣಗಳನ್ನೆಲ್ಲ ಹುಟ್ಟಿಸುವ, ಉಳಿಯಬೇಕಾದ ಒಳ್ಳೆಯ ಕಾಂಡಕೋಶ ಇದೆ. ಸಾಯಬೇಕಾದ ಕೆಟ್ಟ ಕೋಶವೂ ಇದೆ. ಎಂಡಿಎಸ್ ಕೆಲವರಲ್ಲಿ ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್ ಆಗಿ ತಿರುಗುತ್ತದೆ. ಆ ಕ್ಯಾನ್ಸರ್ ಕೋಶಗಳನ್ನು ಫೆರೋಪ್ಟೋಸಿಸ್ ಮೂಲಕವೇ ಸಾಯಿಸಬಹುದಾ ಅಂತ ಹುಡುಕಾಟ ನಡೆದಿದೆ. ಒಂದು ಕಡೆ ತಡೆಯಬೇಕು, ಇನ್ನೊಂದು ಕಡೆ ಬರಿಸಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಅಂಗಡಿಯ ಮಾತ್ರೆಗೆ ಯಾವುದು ಒಳ್ಳೆಯ ಕೋಶ ಅಂತ ಗೊತ್ತಾಗುವುದಿಲ್ಲ. ಅದು ಕೆಟ್ಟದ್ದರ ಕಾವಲನ್ನೂ ಗಟ್ಟಿ ಮಾಡಬಹುದು.

ಎಪ್ರೆನೆಟಾಪಾಪ್ಟ್ ಅಂತ ಒಂದು ಔಷಧಿ ಇತ್ತು. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನನ್ನು ಸರಿಪಡಿಸಲಿ ಅಂತ ಮಾಡಿದ್ದು. ಅದು ಗ್ಲುಟಾಥಯೋನ್ ಖಾಲಿ ಮಾಡಿ ಎಎಂಎಲ್ ಕೋಶಗಳನ್ನು ಫೆರೋಪ್ಟೋಸಿಸ್‌ಗೆ ತಳ್ಳುತ್ತದೆ ಅಂತ ಆಮೇಲೆ ಕಂಡುಬಂತು. ಪಿ53 ಕೆಟ್ಟ ಎಂಡಿಎಸ್ ರೋಗಿಗಳಿಗೆ ಎಂಡಿಎಸ್‌ಗೆ ಮೊದಲಿಂದ ಕೊಡುವ ಅಜಾಸಿಟಿಡಿನ್ ಔಷಧಿ ಜೊತೆ ಕೊಟ್ಟು ನೋಡಿದರು. 2020ರ ಕೊನೆಗೆ ಮೂರನೇ ಹಂತದ ಫಲಿತಾಂಶ ಬಂತು. ಪೂರ್ತಿ ಹತೋಟಿಗೆ ಬಂದವರು ಶೇಕಡಾ 33, ಅಜಾಸಿಟಿಡಿನ್ ಮಾತ್ರ ಪಡೆದವರಲ್ಲಿ ಶೇಕಡಾ 22. ನಿಜವಾದ ವ್ಯತ್ಯಾಸ ಅನ್ನಲು ಅಷ್ಟು ಅಂತರ ಸಾಲಲಿಲ್ಲ. ಪ್ಲೇಟಿನಿಂದ ಮನುಷ್ಯನವರೆಗಿನ ದಾರಿ ಎಷ್ಟು ಉದ್ದ ಅಂತ ಆ ದಿನ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಮಾತಾಡಿಕೊಂಡೆವು.

ಅಣ್ಣನಿಗಾಗಿ

ವಿಟಮಿನ್ ಸಿ ನಿಲ್ಲಿಸಿದೆ ಮೇಡಂ. ಉಳಿದೆರಡನ್ನೂ ಎತ್ತಿಟ್ಟಿದ್ದೇನೆ. ನಾಳೆ ಡಾಕ್ಟರಿಗೆ ಎಲ್ಲ ಹೇಳುತ್ತೇನೆ. ಆದರೂ ಒಂದು ಕೇಳಲಾ? ಮನುಷ್ಯರ ಮಜ್ಜೆಯಲ್ಲಿ ಫೆರೋಪ್ಟೋಸಿಸ್ ಆಗುತ್ತದೆ ಅನ್ನುವುದು ಖಚಿತವಾ, ಅಥವಾ ಊಹೆಯಾ?

ಲ್ಯಾಬ್ ವಿದ್ಯಾರ್ಥಿ

ಒಳ್ಳೆಯ ಪ್ರಶ್ನೆ ಅಣ್ಣ. ಇದರಲ್ಲಿ ಗಟ್ಟಿಯಾದ ಒಂದು ಕೆಲಸ 2023ರಲ್ಲಿ ಬಂತು, ರಕ್ತರೋಗ ಸಂಶೋಧಕ ವಿಜಯ್ ಶಂಕರನ್ ಅವರ ತಂಡದ್ದು. ಎಂವೈಎಸ್‌ಎಂ1 ಅನ್ನುವ ಜೀನ್ ಕೆಟ್ಟು ಹುಟ್ಟುವ ಮಕ್ಕಳಲ್ಲಿ ಮಜ್ಜೆ ಸೋತುಹೋಗುತ್ತದೆ. ತೀರಾ ಅಪರೂಪದ ರೋಗ. ಆ ಮಜ್ಜೆಯ ಕಾಂಡಕೋಶಗಳು ಫೆರೋಪ್ಟೋಸಿಸ್‌ನಿಂದ ಕಳೆದುಹೋಗುತ್ತವೆ ಅಂತ ಅವರು ತೋರಿಸಿದರು. ಆ ಸಾವನ್ನು ತಡೆಯುವ ವಸ್ತು ಹಾಕಿದಾಗ ಲ್ಯಾಬಿನಲ್ಲಿ ಕೋಶಗಳು ಉಳಿದವು.

ಕಾರಣ ನನಗೆ ತುಂಬಾ ಹಿಡಿಸಿತು. ಕಾಂಡಕೋಶ ಬಹಳ ನಿಧಾನವಾಗಿ ಪ್ರೋಟೀನ್ ತಯಾರಿಸುತ್ತದೆ. ಸದ್ದಿಲ್ಲದೆ, ಮಿತವಾಗಿ ಬದುಕುವ ಕೋಶ ಅದು. ಅದಕ್ಕೇ ವರ್ಷಗಟ್ಟಲೆ ಬಾಳುತ್ತದೆ. ಆದರೆ ಕಾವಲು ಕಾಯುವ ಪ್ರೋಟೀನುಗಳೂ ಅದೇ ನಿಧಾನದಲ್ಲಿ ತಯಾರಾಗಬೇಕು. ಆ ವೇಗ ಇನ್ನಷ್ಟು ಕುಸಿದರೆ ಪೊರೆಯನ್ನು ಕಾಯುವವರೇ ಇರುವುದಿಲ್ಲ. ಎಲ್ಲ ರಕ್ತಕ್ಕೂ ತಾಯಿಬೇರಾದ ಕೋಶ ಈ ಸಾವಿಗೆ ಇಷ್ಟು ಹತ್ತಿರ ನಿಂತಿದೆ ಅನ್ನುವುದು ನಮಗೆ ಹೊಸ ವಿಷಯ.

ಹಾಗಂತ ಮಜ್ಜೆಯಲ್ಲಿ ಸತ್ತ ಕೋಶವೆಲ್ಲ ಫೆರೋಪ್ಟೋಸಿಸ್ ಅಲ್ಲ. ಇಲಿಗಳ ರಕ್ತ ತಯಾರಿಸುವ ಕೋಶಗಳಿಂದ ಜಿಪಿಎಕ್ಸ್4 ತೆಗೆದುಹಾಕಿದ 2016ರ ಒಂದು ಪ್ರಯೋಗದಲ್ಲಿ ಇಲಿಗಳಿಗೆ ರಕ್ತಹೀನತೆ ಬಂತು. ಎಲ್ಲರೂ ಫೆರೋಪ್ಟೋಸಿಸ್ ಅಂದುಕೊಳ್ಳುವ ಜಾಗ. ಆದರೆ ಆ ತಂಡ ಕಂಡಿದ್ದು ನೆಕ್ರೋಪ್ಟೋಸಿಸ್ ಅನ್ನುವ ಬೇರೆ ಸಾವು. ಎಂಡಿಎಸ್ ಮಜ್ಜೆಯಲ್ಲಿ ಅಪೊಪ್ಟೋಸಿಸ್, ಅಂದರೆ ಕೋಶ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಳ್ಳುವ ಸಾವು, ಜಾಸ್ತಿ ಅಂತ ಹಿಂದಿನಿಂದಲೂ ಗೊತ್ತು. ಅಪೊಪ್ಟೋಸಿಸ್‌ನಲ್ಲಿ ನ್ಯೂಕ್ಲಿಯಸ್ ಮುದುಡಿ ಚೂರಾಗುತ್ತದೆ. ಫೆರೋಪ್ಟೋಸಿಸ್‌ನಲ್ಲಿ ನ್ಯೂಕ್ಲಿಯಸ್ ಹಾಗೇ ಇರುತ್ತದೆ, ಮೈಟೋಕಾಂಡ್ರಿಯಾ ಕುಗ್ಗಿ ಗಟ್ಟಿಯಾಗುತ್ತವೆ.

ಸ್ಲೈಡ್ ನೋಡುವವರು

ಇದಕ್ಕೆ ನನ್ನದೊಂದು ಮಾತು. ಅದನ್ನೆಲ್ಲ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ದಿನನಿತ್ಯದ ಮಜ್ಜೆ ಪರೀಕ್ಷೆಯಲ್ಲಿ ಈ ಕೋಶ ಫೆರೋಪ್ಟೋಸಿಸ್‌ನಿಂದ ಸತ್ತಿದೆ ಅಂತ ನಾನು ವರದಿ ಬರೆಯಲಾರೆ. ಅದಕ್ಕೆಂದೇ ಇರುವ ರಕ್ತ ಪರೀಕ್ಷೆ ಮಾಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅಪ್ಪನ ಮಗಳು

ಹಾಗಾದರೆ ಡಾಕ್ಟರು ಹೇಳಿದ ಕಬ್ಬಿಣ ತೆಗೆಯುವ ಮಾತ್ರೆಯಿಂದ ಉಪಯೋಗ ಇದೆಯಾ ಮೇಡಂ? ಅದೂ ಕೆಟ್ಟ ಕೋಶವನ್ನು ಕಾಪಾಡಿಬಿಟ್ಟರೆ?

ರಕ್ತರೋಗ ವೈದ್ಯೆ

ನಿಮ್ಮ ಹೆದರಿಕೆ ಸಹಜ. ಆದರೆ ಇದಕ್ಕೆ ಮನುಷ್ಯರಲ್ಲೇ ಮಾಡಿದ ಪರೀಕ್ಷೆ ಇದೆ. ಟೆಲೆಸ್ಟೊ ಅಂತ ಹೆಸರು, 2020ರಲ್ಲಿ ಪ್ರಕಟವಾಯಿತು. ಅಪಾಯ ಕಡಿಮೆ ಇರುವ ಎಂಡಿಎಸ್‌ನ 225 ರೋಗಿಗಳು. ಕೆಲವರಿಗೆ ಕಬ್ಬಿಣ ತೆಗೆಯುವ ಮಾತ್ರೆಯಾದ ಡೆಫೆರಾಸಿರಾಕ್ಸ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಹೃದಯದ ತೊಂದರೆ, ಯಕೃತ್ತು ಸೋಲುವುದು, ಎಎಂಎಲ್‌ಗೆ ತಿರುಗುವುದು, ಸಾವು, ಇವು ಯಾವುದೂ ಆಗದೆ ಕಳೆದ ಕಾಲ ಎಷ್ಟು ಅಂತ ನೋಡಿದರು. ಔಷಧಿ ಪಡೆದವರಲ್ಲಿ ಅದು ಸುಮಾರು 3.9 ವರ್ಷ, ಇನ್ನೊಂದು ಗುಂಪಿನಲ್ಲಿ 3 ವರ್ಷ. ಒಟ್ಟು ಆಯಸ್ಸಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಮುಚ್ಚಿಡಬಾರದು. ಚೀಲೇಷನ್, ಅಂದರೆ ಕಬ್ಬಿಣ ತೆಗೆಯುವ ಚಿಕಿತ್ಸೆ, ಶುರುವಾದ ಮೇಲೆ ಕೆಲವರಲ್ಲಿ ಹಿಮೋಗ್ಲೋಬಿನ್ ತಾನಾಗಿ ಚೇತರಿಸಿದ್ದೂ ಇದೆ. ಎಲ್ಲರಿಗೂ ಆಗುವುದಿಲ್ಲ. ಬಿಡಿ ಕಬ್ಬಿಣ ಇಳಿದಿದ್ದಕ್ಕೆ ಮಜ್ಜೆ ಉಸಿರಾಡಿತು ಅಂತ ನಾನು ಅಂದುಕೊಳ್ಳುತ್ತೇನೆ. ಇದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ 20 ಯೂನಿಟ್ ಆಸುಪಾಸಿನಲ್ಲಿ, ಫೆರಿಟಿನ್ 1,000 ದಾಟಿದಾಗ ಈ ಮಾತು ಬರಬೇಕು. ನಿಮ್ಮಲ್ಲಿ ಸ್ವಲ್ಪ ತಡವಾಗಿದೆ, ಆದರೆ ಕಾಲ ಮಿಂಚಿಲ್ಲ.

ಇನ್ನೊಂದು. ಎಸ್‌ಎಫ್3ಬಿ1 ಮತ್ತು ರಿಂಗ್ ಇರುವ ಎಂಡಿಎಸ್ ಉಳಿದ ಬಗೆಗಳಿಗಿಂತ ಸೌಮ್ಯ. ಇಂಥವರಿಗೇ ಲಸ್ಪಾಟರ್ಸೆಪ್ಟ್ ಅಂತ ಚುಚ್ಚುಮದ್ದಿದೆ, ಮೂರು ವಾರಕ್ಕೊಮ್ಮೆ. ಸಾಯುತ್ತಿದ್ದ ಎಳೆಯ ಕೆಂಪು ಕಣಗಳನ್ನು ಬೆಳೆದು ಹೊರಬರುವಂತೆ ಮಾಡುತ್ತದೆ. ಮೆಡಲಿಸ್ಟ್ ಪರೀಕ್ಷೆಯಲ್ಲಿ ಶೇಕಡಾ 38 ಮಂದಿಗೆ ಎಂಟು ವಾರವಾದರೂ ರಕ್ತ ಬೇಡವಾಯಿತು, ಔಷಧಿಯಿಲ್ಲದ ಗುಂಪಿನಲ್ಲಿ ಶೇಕಡಾ 13. ರಕ್ತ ಕಡಿಮೆ ಬೇಕಾದರೆ ಕಬ್ಬಿಣವೂ ಕಡಿಮೆ ಬರುತ್ತದೆ. ನಿಮ್ಮ ಅಪ್ಪನಿಗೆ ಹೊಂದುತ್ತದಾ ಅಂತ ಕೇಳಿ.

ಒಂಬತ್ತು ದಿನದ ನಂತರ

ಅಪ್ಪನ ಮಗಳು

ಹೋಗಿ ಬಂದೆವು. ನಿಮ್ಮ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಹಾಳೆಯನ್ನು ತೆಗೆದುಕೊಂಡು ಪೂರ್ತಿ ಓದಿದರು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 84. ಯಕೃತ್ತಿಗೂ ಹೃದಯಕ್ಕೂ ಎಂಆರ್‌ಐ ಬರೆದಿದ್ದಾರೆ. ಕಣ್ಣು, ಕಿವಿ ಒಮ್ಮೆ ನೋಡಿಸಿ ಎಂದರು. ಡೆಫೆರಾಸಿರಾಕ್ಸ್ ಕಡಿಮೆ ಪ್ರಮಾಣದಲ್ಲಿ ಇವತ್ತಿನಿಂದ. ಚುಚ್ಚುಮದ್ದಿನ ವಿಷಯ ಎಂಆರ್‌ಐ ಬಂದ ಮೇಲೆ.

ಅಪ್ಪ ಹೊರಗೆ ಬಂದು ನೋಟ್‌ಬುಕ್ ಕೊಡು ಎಂದರು. ಗೀಟುಗಳ ಮೇಲೆ ಬೆರಳಾಡಿಸಿ, ಇವೆಲ್ಲ ಇಲ್ಲದಿದ್ದರೆ ಈ ಎರಡು ವರ್ಷ ಎಲ್ಲಿತ್ತು ಅಂತ ಕೇಳಿದರು. ಏನೂ ಹೇಳಲಾಗಲಿಲ್ಲ ನನಗೆ. ಈಗ ಅದರಲ್ಲಿ ಇನ್ನೆರಡು ಕಾಲಂ ಎಳೆದಿದ್ದೇನೆ, ಫೆರಿಟಿನ್ ಒಂದು, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಒಂದು.

ಮಾತ್ರೆ ತೆಗೆದುಕೊಳ್ಳುವಾಗ ಏನು ಜೋಪಾನ ಮಾಡಬೇಕು?

ತಲಸ್ಸೇಮಿಯಾ ಜೊತೆ 31 ವರ್ಷ

ದಿನಾ ಒಂದೇ ಹೊತ್ತಿಗೆ ಕೊಡಿ ಅಕ್ಕ. ಎದೆಯುರಿಗೆ ಅಂತ ಅಲ್ಯೂಮಿನಿಯಂ ಇರುವ ಆಂಟಾಸಿಡ್ ಜೊತೆಯಲ್ಲಿ ಬೇಡ. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಬಹುದು, ನನಗೂ ಆಗಿತ್ತು. ಭೇದಿ ಜೋರಾದರೆ ಅಥವಾ ವಾಂತಿಯಾಗಿ ನೀರೂ ನಿಲ್ಲದಿದ್ದರೆ ಕಾಯಬೇಡಿ, ಆವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮೈಯಲ್ಲಿ ನೀರು ಕಡಿಮೆಯಾದಾಗ ಈ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಮಲ ಕಪ್ಪಗೆ ಹೋದರೂ ತಕ್ಷಣ ಹೇಳಿ, ಹೊಟ್ಟೆಯಲ್ಲಿ ರಕ್ತ ಒಸರುತ್ತಿರಬಹುದು. ಕ್ರಿಯಾಟಿನಿನ್ ಕಾಲಂ ಎಳೆದಿದ್ದು ತುಂಬಾ ಒಳ್ಳೆಯದಾಯಿತು. ಶುರುವಿನ ತಿಂಗಳು ವಾರಕ್ಕೊಮ್ಮೆ ನೋಡಿಸಿ, ಆಮೇಲೆ ತಿಂಗಳಿಗೊಮ್ಮೆ.

ಎಂಆರ್‌ಐ ಅಂಕಿ ಬಂದ ದಿನ ಇಲ್ಲಿ ಬರೆಯಿರಿ. ಕಾಯುತ್ತಿರುತ್ತೇನೆ.